ಹತ್ತು ಮನೆಗಳ ಪ್ರಾರ್ಥನಾ ಗುಂಪು: ಕಟ್ಟುವುದು, ನಡೆಸುವುದು, ಕಷ್ಟಕ್ಕೆ ಒದಗುವುದು

ಭಾನುವಾರದ ಆರಾಧನೆ ಮುಗಿದು ಚರ್ಚಿನ ಅಂಗಳದಲ್ಲಿ ನಿಂತಾಗ ಒಬ್ಬರು "ನಮ್ಮ ಅಮ್ಮನಿಗಾಗಿ ಪ್ರಾರ್ಥನೆ ಮಾಡಿ" ಅನ್ನುತ್ತಾರೆ. "ಖಂಡಿತ ಮಾಡ್ತೇವೆ" ಅಂತ ಉತ್ತರ ಬರುತ್ತದೆ. ಮುಂದಿನ ಭಾನುವಾರದ ಹೊತ್ತಿಗೆ ಆ ಮಾತು ಇಬ್ಬರಿಗೂ ಮರೆತಿರುತ್ತದೆ, ಇಲ್ಲವೆ ಹೇಳಿದವರಿಗೆ ಮಾತ್ರ ನೆನಪಿರುತ್ತದೆ. ಪ್ರೀತಿ ಇಲ್ಲ ಅಂತಲ್ಲ. ಆ ಮಾತನ್ನು ಬರೆದುಕೊಂಡವರಿಲ್ಲ, ಯಾವ ದಿನ ಯಾರು ಹೋಗಿ ವಿಚಾರಿಸಬೇಕು ಎಂದು ಗೊತ್ತುಮಾಡಿಲ್ಲ, ಅಷ್ಟೆ. ಮುನ್ನೂರು ಕುಟುಂಬಗಳ ಸಭೆಯಲ್ಲಿ ಇದನ್ನು ಸಭಾಪಾಲಕರೊಬ್ಬರೇ ಮಾಡಲಾರರು. ಹತ್ತು ಮನೆಗಳ ಗುಂಪು ಮಾಡಬಹುದು.

ಇದೇನೂ ಹೊಸ ಉಪಾಯವಲ್ಲ. ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಮೋಶೆಯ ಮಾವ ಇತ್ರೋನು, ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ನ್ಯಾಯ ಹೇಳುತ್ತಿದ್ದ ಅಳಿಯನನ್ನು ನೋಡಿ, ಹತ್ತು ಹತ್ತು ಮಂದಿಗೆ ಒಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸು ಎಂದ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಜಾನ್ ವೆಸ್ಲಿಯ ಕೂಟದವರು ಕಟ್ಟಡದ ಸಾಲ ತೀರಿಸಲು ಹನ್ನೆರಡು ಜನಕ್ಕೊಬ್ಬರಂತೆ ವಾರಕ್ಕೊಂದು ಪೆನ್ನಿ ವಸೂಲಿಗೆ ಹೊರಟರು. ಹಾಗೆ ಮನೆಮನೆಗೆ ಹೋದವರಿಗೆ ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ತಿಳಿಯತೊಡಗಿತು; ಮೆಥಡಿಸ್ಟರ ವಾರದ ತರಗತಿ ಕೂಟಗಳು ಹುಟ್ಟಿದ್ದು ಅಲ್ಲಿಂದ. ಮಂಗಳೂರು, ಉಡುಪಿ ಕಡೆಯ ಕಥೋಲಿಕರಿಗೆ ವಾಳೆ (ಧರ್ಮಕೇಂದ್ರದೊಳಗಿನ ನೆರೆಮನೆಗಳ ಗುಂಪು) ಮತ್ತು ಅದರ ಮುಖ್ಯಸ್ಥರಾದ ಗುರಿಕಾರರ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಸಿಎಸ್‌ಐ (ಪ್ರೊಟೆಸ್ಟೆಂಟರ ದಕ್ಷಿಣ ಭಾರತ ಸಭೆ) ಚರ್ಚುಗಳಲ್ಲಿ ಮನೆ ಪ್ರಾರ್ಥನೆ ಹಳೆಯ ರೂಢಿ. ಹಲವೆಡೆ ಈ ಏರ್ಪಾಡು ಹೆಸರಿಗಿದೆ, ಕೆಲಸಕ್ಕಿಲ್ಲ. ಕೆಲಸಕ್ಕೆ ಬರುವಂತೆ ಮಾಡುವ ಬಗೆ ಇಲ್ಲಿದೆ.

ಮೊದಲ ಹೆಜ್ಜೆ: ಮನೆಗಳನ್ನು ಗುರುತಿಸುವುದು

ಎಂಟರಿಂದ ಹನ್ನೆರಡು ಮನೆ ಸಾಕು. ಐದಕ್ಕಿಂತ ಕಡಿಮೆಯಾದರೆ ಇಬ್ಬರು ಊರಿಗೆ ಹೋದ ವಾರ ಕೂಟವೇ ನಿಲ್ಲುತ್ತದೆ. ಹದಿನೈದು ದಾಟಿದರೆ ನಾಲ್ಕೈದು ಮಂದಿ ಮಾತಾಡುತ್ತಾರೆ, ಉಳಿದವರು ಚಾಪೆಯ ಅಂಚಿನಲ್ಲಿ ಕೂತು ಎದ್ದು ಹೋಗುತ್ತಾರೆ. ಒಂದು ಮನೆಯಿಂದ ಇನ್ನೊಂದಕ್ಕೆ ಹತ್ತು ಹದಿನೈದು ನಿಮಿಷದಲ್ಲಿ ನಡೆದು ಹೋಗುವಂತಿರಲಿ. ರಾತ್ರಿ ಹನ್ನೊಂದಕ್ಕೆ ಒಬ್ಬರಿಗೆ ಎದೆನೋವು ಬಂದರೆ ಬೆಂಗಳೂರಿನ ಇನ್ನೊಂದು ತುದಿಯಲ್ಲಿರುವ ಆಪ್ತ ಗೆಳೆಯನಿಗಿಂತ ಹಿಂದಿನ ಬೀದಿಯ ಅರೆಪರಿಚಿತನೇ ಮೇಲು. ಹಾಗಾಗಿ ಸ್ನೇಹ ನೋಡಿ ಗುಂಪು ಮಾಡಬೇಡಿ, ಬೀದಿ ನೋಡಿ ಮಾಡಿ.

ಸಭಾಪಾಲಕರಿಗೆ ಅಥವಾ ಧರ್ಮಕೇಂದ್ರದ ಗುರುಗಳಿಗೆ ಮೊದಲೇ ತಿಳಿಸಿ. ತಿಳಿಸದೆ ಶುರುವಾದ ಗುಂಪು ಆರು ತಿಂಗಳಲ್ಲಿ 'ಬೇರೆ ಸಭೆ ಕಟ್ಟುತ್ತಿದ್ದಾರೆ' ಎಂಬ ಅನುಮಾನಕ್ಕೆ ಸಿಕ್ಕುತ್ತದೆ. ಆಮೇಲೆ ಅದನ್ನು ತೊಳೆದುಕೊಳ್ಳುವುದರಲ್ಲೇ ವರ್ಷ ಕಳೆಯುತ್ತದೆ.

ಮೂರು ಜನರಿಗೆ ಮೂರು ಕೆಲಸ ಕೊಡಿ: ಒಬ್ಬರು ಕೂಟ ನಡೆಸಲಿ, ಒಬ್ಬರು ಪುಸ್ತಕ ಬರೆಯಲಿ, ಒಬ್ಬರು ಅಕ್ಕಿ ಮತ್ತು ಹಣ ನೋಡಿಕೊಳ್ಳಲಿ. ಮೂವರೂ ಬೇರೆ ಬೇರೆ ಮನೆಯವರಾಗಿರಲಿ, ಒಬ್ಬರಾದರೂ ಹೆಂಗಸಾಗಿರಲೇಬೇಕು. ಹೆಣ್ಣುಮಕ್ಕಳ ಎಷ್ಟೋ ಕಷ್ಟ ಗಂಡಸರ ಕಿವಿಗೆ ಬೀಳುವುದೇ ಇಲ್ಲ. ವರ್ಷಕ್ಕೊಮ್ಮೆ ಕೆಲಸ ಬದಲಾಗಲಿ.

ಮೊದಲ ತಿಂಗಳು ಕೂಟ ಬೇಡ. ಇಬ್ಬಿಬ್ಬರಾಗಿ ಪ್ರತಿ ಮನೆಗೂ ಹೋಗಿ, ಅವರು ಒಪ್ಪಿದರೆ ಇಷ್ಟನ್ನು ಬರೆದುಕೊಳ್ಳಿ: ಮನೆಯಲ್ಲಿ ಯಾರ್ಯಾರಿದ್ದಾರೆ, ಒಂಟಿಯಾಗಿರುವ ಹಿರಿಯರು ಇದ್ದಾರೆಯೆ, ರಾತ್ರಿ ಪಾಳಿಯವರು ಯಾರು, ಯಾರಿಗೆ ವಾಹನ ಓಡಿಸಲು ಬರುತ್ತದೆ, ರಕ್ತದ ಗುಂಪು ಯಾವುದು, ಪರಊರಿನಲ್ಲಿರುವ ಹತ್ತಿರದ ಸಂಬಂಧಿಯ ಫೋನ್ ಯಾವುದು. ರಕ್ತದ ಗುಂಪಿನ ಪಕ್ಕದಲ್ಲಿ ಕೊನೆಯ ಸಲ ಕೊಟ್ಟ ತಾರೀಕೂ ಇರಲಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ವಯಸ್ಸು 18ರಿಂದ 65ರ ಒಳಗೆ, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಈ ಪಟ್ಟಿ ಇದ್ದರೆ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಅಂಗಲಾಚುವುದು ತಪ್ಪುತ್ತದೆ.

ಎರಡನೇ ಹೆಜ್ಜೆ: ಎಪ್ಪತ್ತೈದು ನಿಮಿಷದ ಕೂಟ

ವಾರಕ್ಕೊಂದು ದಿನ, ಸಂಜೆ ಏಳೂವರೆಯಿಂದ ಎಂಟೂಮುಕ್ಕಾಲರವರೆಗೆ. ಏಳೂವರೆಗೆ ಮೂವರೇ ಬಂದಿದ್ದರೂ ಶುರುಮಾಡಿ. ಒಂದು ಸಲ ಕಾದರೆ ಮುಂದಿನ ವಾರ ಎಲ್ಲರೂ ಎಂಟಕ್ಕೇ ಬರುತ್ತಾರೆ. ಹಂಚಿಕೆ ಹೀಗಿರಲಿ: ಒಂದು ಹಾಡು, ಐದು ನಿಮಿಷ, ವಚನ ಓದಿ ಧ್ಯಾನಿಸಲು ಮೂವತ್ತು, ಸುಖದುಃಖ ಹೇಳಿಕೊಳ್ಳಲು ಇಪ್ಪತ್ತು, ಪ್ರಾರ್ಥನೆಗೆ ಹದಿನೈದು, ಕೆಲಸ ಹಂಚಿಕೊಳ್ಳಲು ಐದು. ಕೂಟಗಳು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ನಾಲ್ಕು ಹಾಡು, ನಲವತ್ತು ನಿಮಿಷದ ಪ್ರಸಂಗ ಮುಗಿಯುವಾಗ ಒಂಬತ್ತಾಗಿರುತ್ತದೆ, ಮನೆಯವರ ಕಷ್ಟ ಕೇಳುವುದು ಚಪ್ಪಲಿ ಹಾಕಿಕೊಳ್ಳುವಾಗ.

ವಚನಧ್ಯಾನಕ್ಕೆ ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆ ರೂಪಿಸಿದ ಏಳು ಹಂತದ ಕ್ರಮ ಒಳ್ಳೆಯದು. ಭಾರತದ ಕಥೋಲಿಕ ಕಿರು ಸಮುದಾಯಗಳಲ್ಲಿ ಅದು ಬಳಕೆಯಲ್ಲಿದೆ. ಪ್ರೊಟೆಸ್ಟೆಂಟ್ ಗುಂಪುಗಳಿಗೂ ಅಡ್ಡಿಯಿಲ್ಲ. ಒಬ್ಬರು ಚಿಕ್ಕ ಪ್ರಾರ್ಥನೆಯಿಂದ ಪ್ರಭುವನ್ನು ನಮ್ಮ ನಡುವೆ ಆಹ್ವಾನಿಸುತ್ತಾರೆ. ಹತ್ತು ಹದಿನೈದು ವಚನದ ಒಂದು ಭಾಗವನ್ನು ನಿಧಾನವಾಗಿ ಓದುತ್ತಾರೆ. ಮೂರನೆಯದಾಗಿ, ಮನಸ್ಸಿಗೆ ತಾಕಿದ ಒಂದು ಪದವನ್ನೋ ತುಂಡು ವಾಕ್ಯವನ್ನೋ ಯಾರು ಬೇಕಾದರೂ ಗಟ್ಟಿಯಾಗಿ, ಮೂರು ಸಲ, ನಡುನಡುವೆ ಬಿಟ್ಟು ಹೇಳುತ್ತಾರೆ, ವಿವರಣೆ ಇಲ್ಲ. ಆಮೇಲೆ ಮೂರರಿಂದ ಐದು ನಿಮಿಷ ಮೌನ. ಐದನೆಯದು, ಆ ವಚನ ತನಗೆ ಹೇಳಿದ್ದೇನು ಎಂದು ಹಂಚಿಕೊಳ್ಳುವುದು. ಆರನೆಯದು, ಈ ವಾರ ನಾವು ಮಾಡಬೇಕಾದ ಕೆಲಸ ಯಾವುದು ಎಂದು ಗೊತ್ತುಮಾಡುವುದು. ಕೊನೆಯದು ಮನಸ್ಸಿಗೆ ಬಂದ ಮಾತಿನಲ್ಲಿ ಪ್ರಾರ್ಥನೆ. ಆರು ಮತ್ತು ಏಳನ್ನು ಸುಖದುಃಖ ಹೇಳಿಕೊಂಡಾದ ಮೇಲೆ ಇಟ್ಟುಕೊಂಡರೆ ಮೇಲಿನ ಸಮಯಕ್ಕೆ ಹೊಂದುತ್ತದೆ. ಆರನೆಯದನ್ನು ಹಾರಿಸಿ ಏಳಕ್ಕೆ ಹೋಗುವ ಗುಂಪುಗಳೇ ಹೆಚ್ಚು. ಅಂಥ ಗುಂಪು ಚೆನ್ನಾಗಿ ಪ್ರಾರ್ಥಿಸುತ್ತದೆ, ಯಾರ ಮನೆಗೂ ಹೋಗುವುದಿಲ್ಲ.

ಐದನೆಯ ಹಂತಕ್ಕೆ ಒಂದು ಕಟ್ಟುಪಾಡು ಬೇಕು: 'ನನಗೆ' ಎಂದು ಮಾತು ಶುರುವಾಗಬೇಕು, 'ನೀವು' ಎಂದಲ್ಲ. ಒಬ್ಬರಿಗೆ ಎರಡು ನಿಮಿಷ. ಎಲ್ಲ ಗುಂಪಿನಲ್ಲೂ ನಿವೃತ್ತ ಹಿರಿಯರೊಬ್ಬರು ಪ್ರಸಂಗ ಮಾಡುವವರಿರುತ್ತಾರೆ. ಅವರ ಬಾಯಿ ಮುಚ್ಚಿಸುವುದಕ್ಕಿಂತ ಅವರಿಗೆ ಹಾಡು ಆರಿಸುವ, ಸಮಯ ನೋಡುವ ಜವಾಬ್ದಾರಿ ಕೊಡುವುದು ಜಾಣತನ. ಗಡಿಯಾರ ಕೈಗೆ ಬಂದವರು ತಾವೂ ಚುಟುಕಾಗಿ ಮಾತಾಡುತ್ತಾರೆ.

ಸರದಿಯಂತೆ ಎಲ್ಲರಿಂದಲೂ ಒಂದೊಂದು ವಚನ ಓದಿಸಬೇಡಿ. ಓದಲು ಬಾರದವರು, ಕನ್ನಡಕ ಮರೆತವರು, ಇಂಗ್ಲಿಷ್ ಶಾಲೆಯಲ್ಲಿ ಕಲಿತು ಕನ್ನಡ ತಡವರಿಸುವ ಹುಡುಗರು ಒಮ್ಮೆ ಮುಜುಗರಪಟ್ಟರೆ ಮತ್ತೆ ಬರುವುದಿಲ್ಲ. ಕಥೋಲಿಕರೂ ಸಿಎಸ್‌ಐನವರೂ ಸೇರಿರುವ ಗುಂಪಾದರೆ ಆ ಸಂಜೆಗೆ ಯಾವ ಅನುವಾದ ಎಂದು ಮೊದಲೇ ಹೇಳಿಬಿಡಿ. ಎರಡು ಸತ್ಯವೇದಗಳ ಮಾತು ಬೇರೆ ಬೇರೆ ಇರುವುದರಿಂದ ಯಾವುದು ಸರಿ ಎಂಬ ಚರ್ಚೆಗೆ ಅರ್ಧ ಗಂಟೆ ಹೋದೀತು.

ಕೂಟ ಮನೆಯಿಂದ ಮನೆಗೆ ತಿರುಗಲಿ. ಚಹಾ ಮತ್ತು ಒಂದೇ ಒಂದು ತಿಂಡಿ, ಅದೂ ಅಂಗಡಿಯ ಬಿಸ್ಕತ್ತು ಅಥವಾ ಮಂಡಕ್ಕಿ. ಇದನ್ನು ಮೊದಲ ದಿನವೇ ಖಡಾಖಂಡಿತವಾಗಿ ಹೇಳಿ. ಒಬ್ಬರ ಮನೆಯಲ್ಲಿ ಕಟ್ಲೆಟ್ ಬಂದರೆ ಮುಂದಿನ ವಾರ ಬಿರಿಯಾನಿ ಬರುತ್ತದೆ. ಮೂರನೇ ವಾರ ಬಾಡಿಗೆ ಕೋಣೆಯಲ್ಲಿರುವ ಕುಟುಂಬ 'ನಮ್ಮಲ್ಲಿ ಈ ಸಲ ಆಗೋದಿಲ್ಲ' ಅನ್ನುತ್ತದೆ. ಗುಂಪುಗಳು ಒಡೆಯುವುದು ಸಿದ್ಧಾಂತದ ಜಗಳದಿಂದ ಅಂದುಕೊಳ್ಳುತ್ತೇವೆ. ಹೆಚ್ಚಿನವು ಬಡವಾಗುವುದು ತಟ್ಟೆಯಿಂದ. ನೆರೆಯವರ ವಿಷಯವೂ ಇದೆ: ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಮೈಕು, ಡೋಲಕ್ ಬೇಡ, ಬೈಕುಗಳು ಅವರ ಗೇಟಿಗೆ ಅಡ್ಡ ನಿಲ್ಲದಿರಲಿ.

ಮೂರನೇ ಹೆಜ್ಜೆ: ಪುಸ್ತಕ

ಇನ್ನೂರು ಪುಟದ ಒಂದು ಉದ್ದ ಪುಸ್ತಕ ತನ್ನಿ. ಪುಟಕ್ಕೆ ಆರು ಕಂಬ ಗೆರೆ ಹಾಕಿ: ತಾರೀಕು, ಹೆಸರು, ಬಿನ್ನಹ, ಹೋಗುವವರು, ಯಾವ ದಿನದೊಳಗೆ, ಏನಾಯಿತು. ಬಿನ್ನಹವನ್ನು ಕೇಳಿದವರ ಮಾತಿನಲ್ಲೇ ಬರೆಯಿರಿ. 'ಮಾವನಿಗೆ ಮಂಗಳವಾರ ಕಣ್ಣಿನ ಆಪರೇಷನ್, ಕರೆದುಕೊಂಡು ಹೋಗಲು ಯಾರೂ ಇಲ್ಲ' ಎಂಬ ಸಾಲಿನಲ್ಲಿ ಕೆಲಸ ಎದ್ದು ಕಾಣುತ್ತದೆ. 'ಆರೋಗ್ಯಕ್ಕಾಗಿ' ಎಂದು ಬರೆದರೆ ಕಾಣುವುದಿಲ್ಲ. ನಾಲ್ಕನೇ ಮತ್ತು ಐದನೇ ಕಂಬ ಖಾಲಿ ಬಿಟ್ಟು ಕೂಟ ಮುಗಿಸಬಾರದು. ಆರನೆಯದನ್ನು ಮುಂದಿನ ವಾರ ಎಲ್ಲರೆದುರು ಓದಿ ತುಂಬಿಸಬೇಕು. ಹೋಗಲಾಗಲಿಲ್ಲ ಎಂದರೂ ಹಾಗೇ ಬರೆಯಿರಿ, ಬೇರೊಬ್ಬರಿಗೆ ವಹಿಸಿ.

ಕೆಲವರು 'ಮನೆಯ ಸಮಾಧಾನಕ್ಕಾಗಿ' ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಾರೆ. ಅಲ್ಲಿ ಕೆದಕಬೇಡಿ, ಅಷ್ಟನ್ನೇ ಬರೆಯಿರಿ. ಆ ಮನೆಗೆ ಹೋಗಲು ಒಬ್ಬರನ್ನೇ ಗೊತ್ತುಮಾಡಿ, ಹೆಂಗಸರ ಬಳಿಗೆ ಹೆಂಗಸರನ್ನೇ ಕಳಿಸಿ. ಕುಡಿತ, ಸಾಲ, ಗಂಡಹೆಂಡಿರ ಮನಸ್ತಾಪ ಈ ಒಂದು ಸಾಲಿನ ಹಿಂದೆ ಇರುತ್ತವೆ, ಗುಂಪಿನಲ್ಲಿ ಹೊರಬರುವುದಿಲ್ಲ.

ಪ್ರಾರ್ಥನೆಯ ಸೋಗಿನ ಚಾಡಿ ಬೇರೆಯೇ ಕಾಯಿಲೆ. 'ಇಂಥವರ ಮಗಳಿಗಾಗಿ ಪ್ರಾರ್ಥಿಸೋಣ, ಅವಳು ಈಗ...' ಎಂದು ಶುರುವಾದರೆ ನಡೆಸುವವರು ಅಲ್ಲೇ ತಡೆಯಬೇಕು. ಕೋಣೆಯಲ್ಲಿಲ್ಲದವರ ವಿಷಯ ಅವರ ಒಪ್ಪಿಗೆಯಿಲ್ಲದೆ ಎತ್ತುವಂತಿಲ್ಲ. ವಾಟ್ಸಾಪ್ ಗುಂಪು ಇದ್ದರೆ ಅದರಲ್ಲಿ ಕೂಟದ ದಿನ, ಜಾಗ, ರಕ್ತ ಬೇಕಾದ ಸುದ್ದಿ ಮಾತ್ರ. ಐಸಿಯುವಿನಲ್ಲಿ ಮಲಗಿದವರ ಫೋಟೊ, ರೋಗದ ಹೆಸರು, ವರದಿಯ ಚಿತ್ರ ಹಾಕಬಾರದು. ಅದು ಗಂಟೆಯೊಳಗೆ ಮೂರು ಊರು ದಾಟಿರುತ್ತದೆ.

ನಾಲ್ಕನೇ ಹೆಜ್ಜೆ: ರೋಗಿಯ ಹತ್ತಿರ

ಇಬ್ಬರು ಹೋಗಿ, ಹತ್ತರಿಂದ ಹದಿನೈದು ನಿಮಿಷ ಇರಿ. ವೈದ್ಯರು ಬರುವ ಹೊತ್ತು, ಊಟದ ಹೊತ್ತು ತಪ್ಪಿಸಿ. ಕೈ ತೊಳೆದು ಒಳಗೆ ಹೋಗಿ, ಹಾಸಿಗೆಯ ಮೇಲೆ ಕೂರಬೇಡಿ. 'ಪ್ರಾರ್ಥನೆ ಮಾಡಲಾ?' ಎಂದು ಕೇಳಿ, ಬೇಡ ಎಂದರೆ ಸುಮ್ಮನಾಗಿ. ಮಾಡಿದರೆ ಎರಡು ನಿಮಿಷ, ಪಕ್ಕದ ಹಾಸಿಗೆಯವರಿಗೆ ಕೇಳಿಸದ ದನಿಯಲ್ಲಿ. ಓದಲು ಕೀರ್ತನೆ 23 ಅಥವಾ 121 ಚಿಕ್ಕವು, ಬಾಯಿಪಾಠವೂ ಇರುತ್ತವೆ. ಮನಸ್ಸು ಕುಸಿದವರಿಗೆ ಸಂತೋಷದ ಕೀರ್ತನೆ ಓದಿದರೆ ಹಿಂಸೆಯಾದೀತು. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಅಂಥದ್ದೂ ಸತ್ಯವೇದದಲ್ಲಿದೆ ಎಂದು ತಿಳಿದರೆ ಕೆಲವರಿಗೆ ಉಸಿರಾಡಿದಂತಾಗುತ್ತದೆ.

ಆಡಬಾರದ ಮಾತುಗಳಿವೆ. 'ವಿಶ್ವಾಸ ಗಟ್ಟಿಯಿದ್ದರೆ ಗುಣವಾಗುತ್ತೆ' ಎಂದರೆ ಗುಣವಾಗದಿದ್ದಾಗ ತಪ್ಪೆಲ್ಲ ರೋಗಿಯ ತಲೆಗೆ ಬಂತು. 'ನಮ್ಮ ಭಾವನಿಗೂ ಇದೇ ಆಗಿ ಹೋಗಿಬಿಟ್ಟರು' ಎನ್ನುವವರೂ ಇದ್ದಾರೆ. ಮಾತ್ರೆ ನಿಲ್ಲಿಸಿ ಪ್ರಾರ್ಥನೆಯೊಂದನ್ನೇ ನೆಚ್ಚಿಕೊಳ್ಳಲು ಯಾರಾದರೂ ಹೇಳಿದರೆ, ಸಕ್ಕರೆ ಕಾಯಿಲೆ, ಮೂರ್ಛೆರೋಗ, ಮಾನಸಿಕ ಕಾಯಿಲೆಯವರ ವಿಷಯದಲ್ಲಂತೂ, ಅವರನ್ನು ಆ ಮನೆಗೆ ಮತ್ತೆ ಕಳಿಸಬೇಡಿ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಸಭೆಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿ ಪ್ರಾರ್ಥಿಸಲು ಹೇಳುತ್ತದೆ, ವೈದ್ಯರನ್ನು ಬಿಡಿ ಎಂದು ಹೇಳುವುದಿಲ್ಲ. ಕಥೋಲಿಕರಲ್ಲಿ ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಗುರುಗಳೇ ಕೊಡಬೇಕು. ಅದು ಕೊನೆಯುಸಿರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆಯೂ ಕೇಳಬಹುದು.

ರೋಗಿಗಿಂತ ಜೊತೆಗಿರುವವರು ಸೋತಿರುತ್ತಾರೆ. ಸರ್ಕಾರಿ ಆಸ್ಪತ್ರೆಯ ವರಾಂಡದಲ್ಲಿ ನಾಲ್ಕು ರಾತ್ರಿ ಮಲಗಿದ ಹೆಂಡತಿಗೆ ಬೇಕಾದ್ದು ಒಂದು ರಾತ್ರಿ ಮನೆಯ ನಿದ್ದೆ, ಸ್ನಾನ. ಹಾಗಾಗಿ ಹಣ್ಣಿನ ಬುಟ್ಟಿಯ ಬದಲು ಪಾಳಿ ಪಟ್ಟಿ ಮಾಡಿ: ಯಾರು ರಾತ್ರಿ ಕೂರುತ್ತಾರೆ, ಯಾರು ಊಟದ ಡಬ್ಬಿ ಒಯ್ಯುತ್ತಾರೆ, ಯಾರು ಮಕ್ಕಳನ್ನು ಶಾಲೆಗೆ ಬಿಡುತ್ತಾರೆ. ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಕಾರ್ಡು, ಆಧಾರ್ ಹುಡುಕಿ ತರುವುದೂ, ಆಸ್ಪತ್ರೆಯ ಯೋಜನೆ ಕೌಂಟರಿನ ಮುಂದೆ ನಿಲ್ಲುವುದೂ ಗುಂಪಿನ ಸೇವೆಯೇ.

ಐದನೇ ಹೆಜ್ಜೆ: ಸಾವಿನ ಮನೆ

ಮನೆಯಲ್ಲೇ ಸಾವಾದರೆ ಮೊದಲು ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ, ಆಮೇಲೆ ಸಭಾಪಾಲಕರಿಗೆ ಸುದ್ದಿ, ಆಮೇಲೆ ಸಮಾಧಿ ಸ್ಥಳ, ಶವಪೆಟ್ಟಿಗೆ, ಫ್ರೀಜರ್ ಬಾಕ್ಸ್, ಕುರ್ಚಿ. ಇಷ್ಟನ್ನೂ ಗುಂಪಿನ ಇಬ್ಬರು ವಹಿಸಿಕೊಳ್ಳಲಿ, ಮನೆಯವರನ್ನು ಪ್ರತಿಯೊಂದಕ್ಕೂ ಕೇಳಬೇಡಿ. ಕುಟುಂಬದ ಒಬ್ಬರನ್ನು ಮಾತ್ರ ಕೇಳುವುದು ಎಂದು ಗೊತ್ತುಮಾಡಿಕೊಳ್ಳಿ. ಅಪಘಾತ, ಆತ್ಮಹತ್ಯೆ, ಅನುಮಾನದ ಸಾವಾದರೆ ದೇಹ ಸರಿಸದೆ ಪೊಲೀಸರಿಗೆ ತಿಳಿಸಬೇಕು. ಆತ್ಮಹತ್ಯೆಯಾದ ಮನೆಯ ಬಗ್ಗೆ 'ಚರ್ಚಿನಲ್ಲಿ ಮಣ್ಣು ಮಾಡೋದಿಲ್ಲವಂತೆ' ಎಂಬ ಪಿಸುಮಾತು ಹುಟ್ಟುತ್ತದೆ. ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯಲ್ಲಿ ಅಂಥ ನಿಷೇಧವಿಲ್ಲ. ಇದನ್ನು ಮನೆಯವರ ಕಿವಿಗೆ ಅದೇ ದಿನ ಮುಟ್ಟಿಸಿ.

ಮರಣ ನೋಂದಣಿ 21 ದಿನದೊಳಗೆ ಆಗಬೇಕು. ಪಿಂಚಣಿ, ಬ್ಯಾಂಕು, ವಿಮೆ ಎಲ್ಲಕ್ಕೂ ಆ ಪ್ರಮಾಣಪತ್ರ ಬೇಕು, ಆರೇಳು ಪ್ರತಿ ತೆಗೆಸಿಡಿ. ವಿಧವೆಯಾದವರು ಒಬ್ಬರೇ ಬ್ಯಾಂಕಿಗೆ ಹೋಗುವಂತಾಗಬಾರದು.

ಯೋಬನ ಗೆಳೆಯರು ಆಮೇಲೆ ಬೇಕಾದಷ್ಟು ತಪ್ಪು ಮಾತಾಡಿದರು. ಆದರೆ ಮೊದಲ ಏಳು ದಿನ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕೂತಿದ್ದರು. 'ದೇವರ ಚಿತ್ತ', 'ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ' ಎನ್ನುವುದಕ್ಕಿಂತ ಹಾಗೆ ಕೂರುವುದೇ ವಾಸಿ. ಮೂರು ದಿನ ಮನೆ ತುಂಬ ಜನ, ಹತ್ತನೇ ದಿನ ಯಾರೂ ಇಲ್ಲ. ಅದಕ್ಕೇ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಮುಂದಿನ ದಿನಗಳನ್ನು ಅಂದೇ ಬರೆದುಬಿಡಿ: ಹತ್ತನೇ ದಿನ, ತಿಂಗಳು, ಮದುವೆಯ ದಿನ, ನವೆಂಬರ್ 2ರ ಸತ್ತವರ ಸ್ಮರಣೆ, ಮೊದಲ ಕ್ರಿಸ್ಮಸ್, ವರ್ಷ. ಪ್ರತಿ ದಿನಕ್ಕೂ ಹೋಗುವವರ ಹೆಸರು ಇರಲಿ. ಕ್ರಿಸ್ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳು) ಮಾಡದ ಮನೆಗೆ ಡಬ್ಬಿ ಒಯ್ದರೆ ಸಾಲದು, ಅರ್ಧ ಗಂಟೆ ಕೂತು ತೀರಿಹೋದವರ ಹೆಸರೆತ್ತಿ ಮಾತಾಡಿ. ಆ ಹೆಸರು ಎತ್ತಿದರೆ ನೋವಾದೀತೆಂದು ಎಲ್ಲರೂ ತಪ್ಪಿಸುತ್ತಿರುತ್ತಾರೆ, ಮನೆಯವರಿಗೆ ಬೇಕಾಗಿರುವುದು ಅದೇ.

ಅಕ್ಕಿ ಮತ್ತು ಹಣ

ಮಿಜೋರಾಂನ ಕ್ರೈಸ್ತರಲ್ಲಿ ನೂರು ವರ್ಷಕ್ಕೂ ಮಿಕ್ಕಿ ನಡೆದುಬಂದ ಪದ್ಧತಿಯಿದೆ: ಪ್ರತಿ ಸಲ ಅಡುಗೆಗೆ ಅಕ್ಕಿ ತೆಗೆದಾಗ ಒಂದು ಹಿಡಿ ಬೇರೆ ಡಬ್ಬಿಗೆ. ಒಂದು ಹಿಡಿ ಸುಮಾರು 50 ಗ್ರಾಂ ಎಂದರೂ ದಿನಕ್ಕೆರಡು ಹೊತ್ತಿಗೆ 100 ಗ್ರಾಂ, ತಿಂಗಳಿಗೆ ಮೂರು ಕಿಲೋ, ಹತ್ತು ಮನೆಗೆ ಮೂವತ್ತು ಕಿಲೋ. ಒಂದು ಕುಟುಂಬದ ತಿಂಗಳ ಅಕ್ಕಿ ಅಲ್ಲಿಗೆ ಬಂತು. ಬಡವರ ಮನೆಯೂ ಕೊಡಬಹುದು ಎಂಬುದೇ ಇದರ ಹೆಚ್ಚುಗಾರಿಕೆ. ಎರಡು ಎಚ್ಚರ: ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿ ಬೆರೆಸಬೇಡಿ, ಒಂದು ಬೇಯುವಷ್ಟರಲ್ಲಿ ಇನ್ನೊಂದು ಮುದ್ದೆಯಾಗಿರುತ್ತದೆ. ಹದಿನೈದು ದಿನಕ್ಕೊಮ್ಮೆ ಕೂಡಿಸಿ ಕೊಟ್ಟುಬಿಡಿ, ಕೂಡಿಟ್ಟರೆ ನುಸಿ ಹಿಡಿಯುತ್ತದೆ. ಧಾರವಾಡ, ಗದಗದ ಕಡೆ ಜೋಳಕ್ಕೂ ಇದೇ ಮಾತು.

ಹಣಕ್ಕೆ ಕಟ್ಟುನಿಟ್ಟು ಹೆಚ್ಚು ಬೇಕು. ಜೆರುಸಲೇಮಿನ ಮೊದಲ ಸಭೆಯಲ್ಲೇ ವಿಧವೆಯರಿಗೆ ಹಂಚುವುದರಲ್ಲಿ ಗೊಣಗಾಟ ಎದ್ದು ಏಳು ಮಂದಿಯನ್ನು ಆರಿಸಬೇಕಾಯಿತು (ಅಪೊಸ್ತಲರ ಕೃತ್ಯಗಳು 6). ಕಾಣಿಕೆ ಡಬ್ಬಿಯನ್ನು ಇಬ್ಬರ ಎದುರು ಎಣಿಸಿ, ಅಂದೇ ಬರೆಯಿರಿ, ಇಬ್ಬರೂ ಸಹಿ ಹಾಕಿ. ಒಬ್ಬರ ಸ್ವಂತ ಯುಪಿಐ ಖಾತೆಗೆ ತರಿಸಿಕೊಂಡರೆ ಮನೆಯ ಹಣದೊಂದಿಗೆ ಬೆರೆತು ಲೆಕ್ಕ ಹರಿಯದು. ಮೂವರು ಸೇರಿ ಕೂಟಕ್ಕೆ ತಾರದೆ ಕೊಡಬಹುದಾದ ಮಿತಿ, ಉದಾಹರಣೆಗೆ 2,000 ರೂಪಾಯಿ, ಮೊದಲೇ ನಿಗದಿಯಾಗಲಿ. ಲೆಕ್ಕ ಒಪ್ಪಿಸುವಾಗ ಮೊತ್ತ ಹೇಳಿ, ಪಡೆದವರ ಹೆಸರು ಹೇಳಬೇಡಿ. ಕೊಟ್ಟದ್ದು ಸಾಲವಲ್ಲ. ಸಾಲವೆಂದು ಕೊಟ್ಟರೆ ತೀರಿಸಲಾಗದವರು ಮುಖ ತಪ್ಪಿಸಿ ಚರ್ಚನ್ನೇ ಬಿಡುತ್ತಾರೆ. ಗುಂಪಿನೊಳಗೆ ಚೀಟಿ ನಡೆಸುವುದಂತೂ ಬೇಡವೇ ಬೇಡ. 1982ರ ಚಿಟ್ ಫಂಡ್ ಕಾಯ್ದೆಯಂತೆ ಅನುಮತಿಯಿಲ್ಲದ ಚೀಟಿ ಅಪರಾಧ, ಅದು ಮುಳುಗಿದ ದಿನ ಗುಂಪೂ ಮುಳುಗುತ್ತದೆ. ವಿದೇಶಿ ಪೌರತ್ವ ಪಡೆದ ಬಂಧುಗಳು ಗುಂಪಿಗೆ ಹಣ ಕಳಿಸುತ್ತೇವೆ ಎಂದರೆ ನಯವಾಗಿ ಬೇಡ ಎನ್ನಿ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆ ಕಾಯ್ದೆಯ ಅಡಿ ಬರುತ್ತದೆ, ನೋಂದಣಿ ಇಲ್ಲದೆ ಪಡೆಯುವಂತಿಲ್ಲ.

ಗುಂಪಿನ ಕೈಮೀರಿದ್ದು

ಗುಟ್ಟು ಕಾಯುವುದಕ್ಕೆ ಮೂರು ಕಡೆ ವಿನಾಯಿತಿಯಿದೆ, ಇದನ್ನು ಮೊದಲ ಕೂಟದಲ್ಲೇ ತಿಳಿಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. 'ಸಭೆಯೊಳಗೇ ಸರಿಮಾಡಿಕೊಳ್ಳೋಣ' ಎನ್ನುವ ಅಧಿಕಾರ ಯಾರಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098. ಹೊಡೆತ ತಿನ್ನುತ್ತಿರುವ ಹೆಂಗಸಿಗೆ 'ತಾಳ್ಮೆಯಿಂದ ಪ್ರಾರ್ಥಿಸು' ಎಂದು ಹೇಳಿ ಕಳಿಸಬೇಡಿ. ಆ ರಾತ್ರಿ ಉಳಿಯಲು ಗುಂಪಿನ ಒಂದು ಮನೆಯಲ್ಲಿ ಜಾಗ ಮಾಡಿ, 181ಕ್ಕೆ ಕರೆ ಮಾಡಿಸಿ. ಸಾಯುವ ಮಾತಾಡುವವರನ್ನು ಒಬ್ಬರೇ ಬಿಡಬೇಡಿ. ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಬರುವುದಿಲ್ಲ. ಕ್ರಿಮಿನಾಶಕ, ಮಾತ್ರೆ ಕೈಗೆ ಸಿಗದಂತೆ ಇಡಿ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕೂತಲ್ಲಿಂದಲೇ ಕರೆ ಮಾಡಿ; ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಪ್ರಾಣಕ್ಕೆ ಅಪಾಯ ಆಗಲೇ ಎದುರಿದ್ದರೆ 108 ಅಥವಾ 112.

ಮಕ್ಕಳು ಕೊಲ್ಲಿ ದೇಶಗಳಲ್ಲಿದ್ದು ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ಕರಾವಳಿಯ ಎಲ್ಲ ವಾಳೆಯಲ್ಲೂ ಇವೆ. ಆ ಮಕ್ಕಳನ್ನೂ ತಿಂಗಳಿಗೊಮ್ಮೆ ಫೋನಿನಲ್ಲಿ ಕೂಟಕ್ಕೆ ಸೇರಿಸಿಕೊಳ್ಳಬಹುದು: ನಮ್ಮ ರಾತ್ರಿ ಏಳೂವರೆ ದುಬೈಯಲ್ಲಿ ಆರು, ಕುವೈತಿನಲ್ಲಿ ಐದು. ಅಲ್ಲಿ ಬಿಡುವು ಸಿಗುವುದು ಬಹುಪಾಲು ಶುಕ್ರವಾರ ಇಲ್ಲವೆ ಭಾನುವಾರ, ಆ ತಿಂಗಳ ಕೂಟದ ದಿನ ಬದಲಿಸಿ. ಮನೆಯ ಎರಡನೇ ಬೀಗದ ಕೈ ಯಾರ ಬಳಿ ಇರಬೇಕು, ದಿನಾ ಬೆಳಿಗ್ಗೆ ಫೋನ್ ಮಾಡುವವರು ಯಾರು, ಫೋನ್ ಎತ್ತದಿದ್ದರೆ ಎಷ್ಟು ಹೊತ್ತಿಗೆ ಬಾಗಿಲು ತೆರೆಯಬೇಕು ಎಂಬುದನ್ನು ಆ ಮಕ್ಕಳ ಎದುರೇ ಮಾತಾಡಿ, ಪುಸ್ತಕದಲ್ಲಿ ಬರೆದು, ಹಿರಿಯರ ಒಪ್ಪಿಗೆಯ ಸಹಿ ಹಾಕಿಸಿಕೊಳ್ಳಿ.